ಯಾವುದನ್ನು ಯಾವುದಕ್ಕೆ ಸಮ ಮಾಡುವುದು

ಕನ್ಸೆಂಟ್ ಫಾರಮ್ಮಿನ ಏಳನೇ ಸಾಲನ್ನು ಬರೆದವಳು ನಾನು. ನಾನು ಡಾಕ್ಟರಲ್ಲ, ನರ್ಸಲ್ಲ. ತುಮಕೂರಿನ ಒಂದು ಧರ್ಮಾಸ್ಪತ್ರೆಯ ಹಿಂದಿನ ಬ್ಲಾಕಿನಲ್ಲಿ ಕೂತು ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಇಳಿಸುವುದು, ಹಳ್ಳಿಯವರ ಮಾತನ್ನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಒಪ್ಪಿಸುವುದು, ಇಷ್ಟೇ ನನ್ನ ಕೆಲಸ. ತೊಂಬತ್ತರ ದಶಕ ಅರ್ಧ ಕಳೆದಿತ್ತು. ತಿಂಗಳಿಗೆ ಎರಡು ಶನಿವಾರ ಅಲ್ಲಿ ಪೋಲಿಯೋ ಕ್ಲಿನಿಕ್ ನಡೆಯುತ್ತಿತ್ತು. ಬೆಂಗಳೂರಿನಿಂದ ಬರುತ್ತಿದ್ದ ಸರ್ಜನ್ ಹುಟ್ಟಿ ಬೆಳೆದದ್ದು ಬೇರೆ ಸೀಮೆಯಲ್ಲಿ. ಅವರ ಕನ್ನಡ ‘ನೋವಾ?’, ‘ಬಗ್ಗಿಸು’, ‘ಭಯ ಬೇಡ’ ಎಂಬ ಮೂರು ಮಾತಿಗೆ ಮುಗಿಯುತ್ತಿತ್ತು. ಉಳಿದದ್ದೆಲ್ಲ ನನ್ನ ಬಾಯಿಂದ ಬರಬೇಕು.

ಆ ಹುಡುಗಿ ಬಂದದ್ದು ಅಂಥದ್ದೊಂದು ಶನಿವಾರ. ಹನ್ನೊಂದು ವರ್ಷ. ಕಡಬದ ಕೆರೆಯಾಚೆಗಿನ ಒಂದು ಸಣ್ಣ ಹಳ್ಳಿಯಿಂದ ತಾಯಿಯ ಜೊತೆ ಗುಬ್ಬಿಗೆ ಬಂದು, ಅಲ್ಲಿಂದ ಬಸ್ಸು ಬದಲಾಯಿಸಿ ಬಂದಿದ್ದಳು. ಎಡಗಾಲು ಸೋತ ಕಾಲು; ಎರಡು ವರ್ಷದ ಕೂಸಾಗಿದ್ದಾಗ ಬಂದ ಜ್ವರ ಅದನ್ನು ಸಣ್ಣಗೆ, ತಣ್ಣಗೆ ಮಾಡಿಟ್ಟುಹೋಗಿತ್ತು. ನಿಂತಾಗ ಎಡಗಾಲಿನ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಒಂದು ಚಪ್ಪಲಿ ದೊಡ್ಡದು, ಒಂದು ಚಿಕ್ಕದು, ಎರಡರ ಬಣ್ಣವೂ ಬೇರೆ. ನಾನು ನೋಡುತ್ತಿದ್ದುದನ್ನು ನೋಡಿ ಹುಡುಗಿ ಎರಡನ್ನೂ ಬೆಂಚಿನ ಕೆಳಕ್ಕೆ ತಳ್ಳಿದಳು.

“ಒಂದೇ ಜೊತೆ ಚಪ್ಲಿ ಹಾಕ್ಕೋಬೇಕಂತೆ ಇವ್ಳಿಗೆ. ಅದ್ಕೇ ಬಂದಿರಾದು, ಇನ್ನೇನಲ್ಲ,” ಎಂದು ತಾಯಿ ನಕ್ಕಳು. ಗಟ್ಟಿ ಮೈಯ ಹೆಂಗಸು, ಕೂಲಿ ಕೆಲಸದವಳು, ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಕಾಗದ ಕೊಟ್ಟರೆ ಬೆರಳಿಟ್ಟು ನಿಧಾನಕ್ಕೆ ಓದುತ್ತಿದ್ದಳು.

ಅಳತೆಯ ಕ್ರಮ ಹೀಗೆ. ಮಗುವನ್ನು ನೇರ ಮಲಗಿಸಿ, ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯ ತುದಿಯಿಂದ ಕಾಲಗಿಣ್ಣಿನ ಒಳಮೂಳೆಯವರೆಗೆ ಟೇಪ್ ಹಿಡಿಯುವುದು. ಮೂರು ಸಲ ಹಿಡಿದು ಮೂರನ್ನೂ ಬರೆಯಬೇಕು. ಮಗು ಸ್ವಲ್ಪ ವಾಲಿದರೂ ಲೆಕ್ಕ ತಪ್ಪುತ್ತದೆ. ಆಮೇಲೆ ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ಮರದ ಬಿಲ್ಲೆ ಇಡುವುದು. ಅರ್ಧರ್ಧ ಇಂಚು ದಪ್ಪದ ತೇಗದ ಬಿಲ್ಲೆಗಳು, ನಮ್ಮೂರಿನ ಬಡಗಿಯೇ ಮಾಡಿಕೊಟ್ಟದ್ದು. ಸರ್ಜನ್ ಹುಡುಗಿಯ ಹಿಂದೆ ಮಂಡಿಯೂರಿ ಕೂತು ಸೊಂಟದ ಎರಡು ಮೂಳೆಗಳ ಮೇಲೆ ಎರಡು ಹೆಬ್ಬೆರಳನ್ನಿಟ್ಟು ‘ವನ್ ಮೋರ್’ ಎನ್ನುತ್ತ ಹೋಗುತ್ತಾರೆ. ಹೆಬ್ಬೆರಳೆರಡೂ ಒಂದೇ ಗೆರೆಗೆ ಬಂದಾಗ ನಿಲ್ಲಿಸುತ್ತಾರೆ. ಈ ಹುಡುಗಿಗೆ ಮೂರು ಬಿಲ್ಲೆ ಬೇಕಾಯಿತು. ಒಂದೂವರೆ ಇಂಚು.

ಎರಡು ಮಂಡಿಗಳದ್ದಲ್ಲದೆ ಎಡಗೈಯ ಮಣಿಕಟ್ಟಿನ ಎಕ್ಸ್‌ರೇ ಕೂಡ ತೆಗೆದರು. ಕಾಲಿಗೆ ಬಂದವಳ ಕೈಗೇಕೆ ಎಕ್ಸ್‌ರೇ ಎಂದು ತಾಯಿ ಕೇಳಿದಳು. ಮೂಳೆಗೆ ಅದರದೇ ವಯಸ್ಸಿರುತ್ತದೆ, ಅದು ಮಣಿಕಟ್ಟಿನಲ್ಲಿ ಕಾಣುತ್ತದೆ ಎಂದು ನಾನು ಹೇಳಿದೆ. ಮೂಳೆಯ ವಯಸ್ಸೂ ಹನ್ನೊಂದೇ ಬಂತು. ಸರ್ಜನ್ ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬ ಸಂತೋಷಪಟ್ಟರು. ಸೋತ ಕಾಲನ್ನು ಎಳೆದು ಉದ್ದ ಮಾಡುವ ಚಿಕಿತ್ಸೆ ನಮ್ಮಲ್ಲಿರಲಿಲ್ಲ, ಆ ಬಲಹೀನ ಕಾಲು ಅದನ್ನು ತಾಳುತ್ತಲೂ ಇರಲಿಲ್ಲ. ಅವರು ಮಾಡುತ್ತಿದ್ದದ್ದು ಬೇರೆ. ಒಳ್ಳೆಯ ಕಾಲಿನ ಮಂಡಿಯ ಮೇಲೂ ಕೆಳಗೂ ಮೂಳೆ ಬೆಳೆಯುವ ಒಂದು ತೆಳುವಾದ ಪದರವಿರುತ್ತದೆ. ಸಣ್ಣದಾಗಿ ಕೊಯ್ದು ಅದನ್ನು ಕೆರೆದು ಮುಚ್ಚಿಬಿಟ್ಟರೆ ಆ ಕಾಲು ಅಲ್ಲಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಸೋತ ಕಾಲು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಮೂರು ವರ್ಷದಲ್ಲಿ ಎರಡೂ ಹತ್ತಿರ ಹತ್ತಿರ ಒಂದಾಗುತ್ತವೆ. ಆದರೆ ಬೆಳವಣಿಗೆ ಇನ್ನೂ ಉಳಿದಿರುವಾಗಲೇ ಮಾಡಬೇಕು. ಹುಡುಗಿ ದೊಡ್ಡವಳಾದ ಮೇಲೆ ಉಳಿಯುವುದು ಸ್ವಲ್ಪ ಕಾಲ ಮಾತ್ರ.

ಆಪರೇಷನ್ನಿನ ನಿಜವಾದ ಹೆಸರು ನನ್ನಂಥ ಕಾನ್ವೆಂಟಿನವಳಿಗೂ ಒಂದೇ ಉಸಿರಿಗೆ ಬರುತ್ತಿರಲಿಲ್ಲ. ಅದಕ್ಕೇ ಸರ್ಜನ್, “ಜಸ್ಟ್ ಸೇ ವಿ ವಿಲ್ ಸಿಮೆಟ್ರೈಸ್ ದ ಲೆಗ್ಸ್,” ಎಂದರು.

ಸಿಮೆಟ್ರೈಸ್. ಆ ಪದ ಕೇಳಿ ನನಗೆ ಆದ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಕಾಗದದ ಒಂದು ಪಕ್ಕಕ್ಕೆ ಶಾಯಿಯ ಹನಿ ಬಿಟ್ಟು, ಮಡಚಿ, ಉಗುರಿನಿಂದ ತೀಡಿ, ಬಿಚ್ಚಿ ತೋರಿಸುತ್ತಿದ್ದರು. ಎರಡೂ ಕಡೆ ಒಂದೇ ಥರದ ರೆಕ್ಕೆ. ‘ಸಿಮೆಟ್ರಿ, ಗರ್ಲ್ಸ್!’ ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ಆಚೆಯ ರೆಕ್ಕೆಗೆ ಹೋದ ಶಾಯಿ ಈಚೆಯದ್ದೇ, ಈಚೆ ಅಷ್ಟು ತೆಳ್ಳಗಾಗಿರುತ್ತದೆ ಎಂಬುದು ಆ ವಯಸ್ಸಿನಲ್ಲಿ ಹೊಳೆಯಲಿಲ್ಲ. ಆಮೇಲೂ ಎಷ್ಟೋ ವರ್ಷ ಹೊಳೆಯಲಿಲ್ಲ.

ಡಿಕ್ಷನರಿ ತೆಗೆದೆ. ಸಿಮೆಟ್ರೈಸ್ ಅದರಲ್ಲಿರಲಿಲ್ಲ. ಸಿಮೆಟ್ರಿಗೆ ಶಾಲೆಯ ಗಣಿತದ ಪುಸ್ತಕದಲ್ಲಿ ‘ಸಮಮಿತಿ’ ಎಂದಿತ್ತು. ಹಾಗಾದರೆ ‘ಸಮಮಿತಗೊಳಿಸುವುದು’ ಎಂದು ಬರೆದು, ಚೆನ್ನಾಗಿದೆಯೆಂದು ನನಗೆ ನಾನೇ ಹೇಳಿಕೊಂಡು, ಹೆಡ್ ನರ್ಸ್‌ಗೆ ತೋರಿಸಿದೆ. ಅವರು ಕುಣಿಗಲ್ ಕಡೆಯವರು, ಬಾಯಿ ಸ್ವಲ್ಪ ಜೋರು.

“ಮೇಡಂ, ಇದುನ್ನ ಓದಕ್ಕೆ ಮೊದ್ಲು ನಾಲಿಗೆಗೆ ಆಪರೇಷನ್ ಮಾಡಿಸ್ಕೋಬೇಕು.”

“ಮತ್ತೇನು ಬರೀಲಿ?”

“ನಮ್ಮೂರ್ ಕಡೆ ಮಾತಾಡೋ ಥರ ಬರೀರಿ. ಇಲ್ಲಾಂದ್ರೆ ನಮ್ಮ ಜನ ಅದು ಯಾವ್ದೋ ಹೊಸಾ ಕಾಯ್ಲೆ ಅನ್ಕೋತಾರೆ.”

ಹೊಡೆದುಹಾಕಿ, ಏಳನೇ ಸಾಲಿನಲ್ಲಿ ‘ಎರಡೂ ಕಾಲುಗಳನ್ನು ಸಮ ಮಾಡುವ ಶಸ್ತ್ರಚಿಕಿತ್ಸೆ’ ಎಂದು ಬರೆದೆ. ಯಾವ ಕಾಲು ಎನ್ನುವಲ್ಲಿ ಸರ್ಜನ್ ‘ರೈಟ್’ ಎಂದು ಹೇಳಿದ್ದರು. ನಾನು ಆ ಜಾಗ ಖಾಲಿ ಬಿಟ್ಟೆ. ಟು ಬಿ ಆನೆಸ್ಟ್, ಮರೆತು ಬಿಟ್ಟದ್ದಲ್ಲ. ಒಳ್ಳೆಯ ಕಾಲನ್ನು ಕೊಯ್ಯುತ್ತಾರೆ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಮೊದಲು ಒಪ್ಪಲಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ಸಿಮೆಟ್ರೈಸ್ ಎಂಬ ಪದದ ಅನುಕೂಲವೇ ಅದು. ಯಾವುದನ್ನು ಯಾವುದಕ್ಕೆ ಎಂದು ಹೇಳಬೇಕಿಲ್ಲ. ನನ್ನ ಕನ್ನಡವೂ ಆ ಅನುಕೂಲವನ್ನು ಹಾಗೇ ಉಳಿಸಿಕೊಂಡಿತ್ತು. ತಾಯಿ ಬೆರಳಿಟ್ಟು ಓದಿ, ‘ಸಮ’ ಎನ್ನುವಲ್ಲಿ ತಲೆಯಾಡಿಸಿ, ಸಹಿ ಹಾಕಿದಳು.

ಮೂರು ವಾರದ ನಂತರ, ಗುರುವಾರ ಅಡ್ಮಿಟ್ ಆದರು. ಶನಿವಾರ ಆಪರೇಷನ್. ಶುಕ್ರವಾರ ಬೆಳಿಗ್ಗೆ ಹೆಡ್ ನರ್ಸ್ ಹುಡುಗಿಯ ಕಾಲು ತೊಳೆದು, ಮಂಡಿಯ ಸುತ್ತ ರೋಮ ತೆಗೆದು, ನೇರಳೆ ಔಷಧಿಯಲ್ಲಿ ಗುರುತು ಹಾಕುತ್ತಿದ್ದರು. ನಾನು ಬಾಗಿಲ ಹತ್ತಿರ ಇನ್ನೊಬ್ಬರ ಕೇಸ್ ಶೀಟ್ ಬರೆಯುತ್ತಿದ್ದೆ.

“ನರ್ಸಮ್ಮಾ, ತಪ್ಪು ಕಾಲು ತೊಳೀತಿದೀರ,” ಎಂದಳು ತಾಯಿ.

“ತಪ್ಪಲ್ಲ ಕಣಮ್ಮ, ಇದೇ ಕಾಲು.”

“ಇದು ಚೆನ್ನಾಗೈತಲ್ಲ!”

“ಚೆನ್ನಾಗಿದೆ, ಅದಕ್ಕೇ. ಸಮ ಮಾಡ್ಬೇಕಲ್ವಾ? ಫಾರಂನಲ್ಲಿ ಓದ್ಲಿಲ್ವಾ ನೀನು?”

ತಾಯಿ ಒಂದು ಗಳಿಗೆ ಹುಡುಗಿಯ ಬಲಗಾಲಿನ ಮೇಲಿದ್ದ ನೇರಳೆ ಗುರುತನ್ನು ನೋಡಿದಳು. ಆಮೇಲೆ ನೇರ ನನ್ನ ಹತ್ತಿರ ಬಂದಳು.

“ಅವ್ವಾ, ನೀವೇ ಬರ್ದಿದ್ದಲ್ವಾ? ಸಮ ಮಾಡಾದು ಅಂದ್ರೆ ಯಾವ್ದುನ್ನ ಯಾವ್ದುಕ್ಕೆ ಸಮ ಮಾಡ್ತಾರೆ?”

ಇಷ್ಟು ಸರಿಯಾದ ಪ್ರಶ್ನೆಯನ್ನು ಆ ಕ್ಲಿನಿಕ್ಕಿನಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಎರಡು ವಾಕ್ಯದಲ್ಲಿ ಹೇಳಬಹುದಾಗಿತ್ತು. ಆದರೆ ಅವಳ ಮುಖ ನೋಡಿ ನನಗೆ ಧೈರ್ಯ ಬರಲಿಲ್ಲ.

“ನಾಳೆ ಡಾಕ್ಟರು ಬರ್ತಾರಲ್ಲ, ಅವರೇ ಹೇಳ್ತಾರೆ. ನೀವು ಹೆದರ್ಕೋಬೇಡಿ.”

“ಹೇಳಿ ಅಂದ್ರೆ ಹೆದ್ರಬೇಡಿ ಅಂತೀರಲ್ಲ.”

ಊಟದ ವೇಳೆಗೆ ನಾನು ಮನೆಗೆ ಹೋಗಿ ಬಂದೆ. ಎರಡೂವರೆಗೆ ವಾರ್ಡಿಗೆ ಬಂದರೆ ಮಂಚ ಖಾಲಿ. ಹೊದೆಯಲು ಕೊಟ್ಟಿದ್ದ ದುಪ್ಪಟಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ತಲೆದಿಂಬಿನ ಮೇಲೆ ಇಟ್ಟು ಹೋಗಿದ್ದರು. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ.

ಪಕ್ಕದ ಮಂಚದ ಹಾಗಲವಾಡಿಯ ಅಜ್ಜಿ, ಮೊಮ್ಮಗಳ ಜೊತೆಗೆ ಬಂದವರು, ವಿಷಯ ತಿಳಿಸಿದರು. “ದಿಣ್ಣೆ ಕಡ್ದು ತಗ್ಗಿಗೆ ತುಂಬೋ ಹಂಗೆ, ಈ ಕಾಲು ಕುಯ್ದು ಆ ಕಾಲಿಗೆ ಹಾಕ್ತಾರಂತೆ. ಇರೋದೊಂದ್ ಕಾಲೂ ಹೋದ್ರೆ ನನ್ ಮಗ್ಳು ಏನ್ ಮಾಡ್ಬೇಕು ಅಂತ ಅತ್ಕಂಡು ಹೋದ್ಲು. ನಂಗೂ ಹೆದ್ರಿಕೆ ಆಗೈತೆ ಕಣವ್ವಾ. ನಮ್ಮುಡ್ಗಿಗೂ ಸಮ ಮಾಡಾದೇನಾ?”

ಹಳ್ಳಿಯಲ್ಲಿ ಸಮ ಮಾಡುವುದು ಎಂದರೆ ಹೊಲವನ್ನು ಮಟ್ಟ ಮಾಡುವುದು. ಎತ್ತರದ ಮಣ್ಣನ್ನು ಕಡಿಯಬೇಕು, ಅದೇ ಮಣ್ಣು ತಗ್ಗಿಗೆ ಹೋಗಬೇಕು. ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದವಳಿಗೆ ಇನ್ನೇನು ಅರ್ಥವಾಗಬೇಕಿತ್ತು? ಅವಳು ತಪ್ಪು ಓದಿರಲಿಲ್ಲ. ಬರೆದದ್ದನ್ನು ಬರೆದ ಹಾಗೇ ಓದಿದ್ದಳು.

ಶನಿವಾರ ಸರ್ಜನ್ ಫೈಲಿನ ಮೇಲೆ ‘ರೆಫ್ಯೂಸ್ಡ್’ ಎಂದು ಬರೆದು ಪಕ್ಕಕ್ಕಿಟ್ಟರು. ನಾನು ಏಳನೇ ಸಾಲಿನ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿ, “ಷಿ ಹ್ಯಾಸ್ ಅ ಇಯರ್. ನಾಟ್ ಮಚ್ ಮೋರ್,” ಎಂದರು. ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗುವ ಪದ್ಧತಿ ಆಸ್ಪತ್ರೆಯಲ್ಲಿರಲಿಲ್ಲ. ಮುಂದಿನ ಹೆಸರು ಕರೆದರು.

ಒಂದು ವರ್ಷವಿದೆ ಎಂದದ್ದು ನನಗೆ ಧೈರ್ಯ ಕೊಟ್ಟಿತೋ ಸೋಮಾರಿತನ ಕೊಟ್ಟಿತೋ ತಿಳಿಯದು. ಕಾರ್ಡು ಬರೆದೆ. ‘ತಮ್ಮ ಮಗಳ ಚಿಕಿತ್ಸೆಯ ಕುರಿತು ಉಂಟಾಗಿರುವ ತಪ್ಪು ಗ್ರಹಿಕೆಯನ್ನು ನಿವಾರಿಸಲು ದಯಮಾಡಿ ಆಗಮಿಸಬೇಕು.’ ಎಷ್ಟು ಚಂದದ ಕನ್ನಡ! ಉತ್ತರವಿಲ್ಲ. ಎರಡು ತಿಂಗಳು ಬಿಟ್ಟು ಇನ್ನೊಂದು ಬರೆದೆ. ಅದಕ್ಕೂ ಇಲ್ಲ. ಐದನೇ ತಿಂಗಳಲ್ಲಿ ಹೆಡ್ ನರ್ಸ್ ಒಂದು ದಿನ, “ಕಾರ್ಡು ಬರೆದ್ರೆ ಕಾರ್ಡಿಗೆ ಕಾಲು ಬರುತ್ತಾ ಮೇಡಂ? ನೀವೇ ಹೋಗಿ,” ಎಂದು ಛೇಡಿಸಿದ ಮೇಲೆ, ಎಕ್ಸ್‌ರೇ ಕವರನ್ನು ಕಂಕುಳಲ್ಲಿಟ್ಟುಕೊಂಡು ಗುಬ್ಬಿ ಬಸ್ಸು ಹತ್ತಿದೆ. ಗುಬ್ಬಿಯಿಂದ ಕಡಬ, ಕಡಬದಿಂದ ಕೆರೆ ಏರಿಯ ಮೇಲೆ ನಡಿಗೆ. ಮನೆಗೆ ಬೀಗ. ಪಕ್ಕದ ಮನೆಯವರು, ತಾಯಿಯ ತವರು ಹೆಬ್ಬೂರು, ಅವಳ ಅಣ್ಣನಿಗೆ ಹುಷಾರಿಲ್ಲದೆ ಅಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದರು. ಹೆಬ್ಬೂರಿಗೆ ತುಮಕೂರಿನಿಂದ ಬಸ್ಸಿಗೇನೂ ಬರವಿರಲಿಲ್ಲ. ನಾನು ಹೋಗಲಿಲ್ಲ. ವಿಳಾಸ ಗೊತ್ತಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅಣ್ಣನಿಗೆ ಕಾಯಿಲೆ ಎಂದು ಕೇಳಿದರೆ ಆ ಊರಿನಲ್ಲಿ ಯಾರಾದರೂ ಮನೆ ತೋರಿಸುತ್ತಿದ್ದರು. ನಿಜವಾದ ಕಾರಣ ಬೇರೆ. ಹೋಗಿ ನಿಂತರೆ ಅವಳು ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ, ನಾನು ಅಂದು ಉತ್ತರ ಗೊತ್ತಿದ್ದೂ ಹೇಳಲಿಲ್ಲ ಎನ್ನುವುದು ಅವಳಿಗೆ ತಿಳಿಯುತ್ತದೆ.

ಹೀಗೆ ವರ್ಷ ತುಂಬಿತು. ವರ್ಷದ ಮೇಲೂ ತಿಂಗಳುಗಳು ಸೇರಿದವು.

ಅಷ್ಟರಲ್ಲಿ ಬೇರೆ ಮಕ್ಕಳು ಬಂದರು, ಹೋದರು. ಹಾಗಲವಾಡಿಯ ಅಜ್ಜಿಯ ಮೊಮ್ಮಗಳಿಗೆ ಆದದ್ದು ಇಂಥದ್ದೇ ಆಪರೇಷನ್. ಆ ಅಜ್ಜಿಗೆ ನಾನು ಕೂತು, ಬಲ ಯಾವುದು ಎಡ ಯಾವುದು ಎಂದು ಕೈ ಹಿಡಿದು ತೋರಿಸಿ ಹೇಳಿದ್ದೆ. ಒಂದು ಶನಿವಾರ ಆ ಮಗು ಚೆಕಪ್ಪಿಗೆ ಬಂತು. ಮೊದಲು ಎರಡು ಬಿಲ್ಲೆ ಬೇಕಾಗಿದ್ದ ಕಾಲಿಗೆ ಈಗ ಒಂದೇ ಸಾಕಾಯಿತು. ಎಲ್ಲರೂ ಹಿಗ್ಗಿದರು. ನಾನು ಆ ತೆಗೆದಿಟ್ಟ ಬಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಅದರ ಮುಂದಿನ ಸೋಮವಾರ ಕಡಬಕ್ಕೆ ಹೊರಟೆ. ಈ ಸಲ ಸಿಗದಿದ್ದರೆ ಹೆಬ್ಬೂರಿಗೂ ಹೋಗುವುದೆಂದು ಮನೆಯಲ್ಲಿ ಹೇಳಿಯೇ ಹೊರಟಿದ್ದೆ.

ತಾಯಿ ಊರ ಹೊರಗೆ ಯಾರದೋ ಜಮೀನಿನಲ್ಲಿ ಕೆಲಸಕ್ಕೆ ಹೋಗಿದ್ದಳು. ತೆಂಗಿನ ಸಸಿ ಇಡಲು ಏರುತಗ್ಗಿನ ನೆಲವನ್ನು ಮಟ್ಟ ಮಾಡುತ್ತಿದ್ದರು. ನಾಲ್ಕೈದು ಹೆಂಗಸರು. ಇಬ್ಬರು ಸಲಿಕೆಯಲ್ಲಿ ದಿಣ್ಣೆ ಕಡಿದು ಮಂಕರಿಗೆ ತುಂಬುವುದು, ಉಳಿದವರು ಹೊತ್ತು ತಗ್ಗಿಗೆ ಸುರಿಯುವುದು. ನಾನು ಬದುವಿನ ಮೇಲೆ ನಿಂತೆ. ಬೇಕೆಂದೇ ನನಗೆ ತೋರಿಸಲಿಕ್ಕೆ ಮಾಡುತ್ತಿದ್ದಾರೇನೋ ಅನ್ನಿಸುವಷ್ಟು ಸ್ಪಷ್ಟವಾಗಿತ್ತು.

ಅವಳು ಗುರುತು ಹಿಡಿದಳು. ಮಂಕರಿ ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಏನವ್ವಾ, ಇಷ್ಟ್ ದೂರ? ಕಾರ್ಡ್ ಬಂದಿತ್ತು. ಬೈದವ್ರೆ ಅನ್ಕಂಡೆ.”

“ಬೈದಿರಲಿಲ್ಲ.”

“ದೊಡ್ಡ್ ದೊಡ್ಡ್ ಮಾತು ಬರ್ದಿದ್ರಿ. ನಮ್ ಮೇಷ್ಟ್ರು ಬೈಯಾವಾಗ ಹಂಗೇ ಮಾತಾಡ್ತಿದ್ರು.”

ಬೇರೆ ಹೆಂಗಸರು ನಕ್ಕರು. ಒಬ್ಬಳು, “ಕುಂತ್ಕಳಿ ಅಮ್ಮಾ, ಸೀರೆ ಮಣ್ಣಾಗ್ತದೆ ಅಂತ ನಿಂತಿದೀರಾ?” ಎಂದಳು. ಬದುವಿನ ಮೇಲೆ ಕೂತೆ. ಸ್ಕೂಲು ಬಿಟ್ಟ ಮೇಲೆ ಹುಡುಗಿಯೂ ಅಲ್ಲಿಗೇ ಬಂದಳು, ಬಲಗೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ಒಂದು ಕಡೆಗೆ ವಾಲುತ್ತ. ಉದ್ದವಾಗಿದ್ದಳು. ವಾಲುವುದೂ ಹೆಚ್ಚಾಗಿತ್ತು.

“ನೋಡಿ ಅವ್ವಾ ಎಂಗ್ ಬೆಳ್ದವ್ಳೆ,” ಎಂದಳು ತಾಯಿ ಹೆಮ್ಮೆಯಿಂದ. “ಯುಗಾದಿ ಆದ್ಮೇಲೆ ದೊಡ್ಡೋಳಾದ್ಲು.”

ನನ್ನ ಕಂಕುಳಿನಲ್ಲಿದ್ದ ಎಕ್ಸ್‌ರೇ ಕವರು ಜಾರಿತು. ಯುಗಾದಿ ಕಳೆದು ಮೂರು ತಿಂಗಳಾಗಿತ್ತು. ತಡವಾಗಿತ್ತು, ಬಹುಶಃ ಪೂರ್ತಿ ತಡವಾಗಿತ್ತು. ಹಾಗೇ ಯೋಗಕ್ಷೇಮ ವಿಚಾರಿಸಿ ಎದ್ದುಬಿಡಬಹುದಿತ್ತು. ಅವರಿಗೆ ಏನು ಕಳೆದುಹೋಯಿತು ಎಂದು ಎಂದಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ದಿಣ್ಣೆ ಕಡಿಯುವ ಸಲಿಕೆಯ ಸದ್ದು ಕೇಳುತ್ತಲೇ ಇತ್ತು.

ಆಮೇಲೆ ಕವರಿನಿಂದ ಫಿಲ್ಮ್ ತೆಗೆದು ಆಕಾಶಕ್ಕೆ ಹಿಡಿದೆ.

“ಅವತ್ತು ನೀವು ಕೇಳಿದ್ರಿ, ಯಾವುದನ್ನ ಯಾವುದಕ್ಕೆ ಅಂತ. ನನಗೆ ಗೊತ್ತಿತ್ತು, ಹೇಳಲಿಲ್ಲ. ಈಗ ಹೇಳ್ತೀನಿ. ಕೊಯ್ಯೋದು ಒಳ್ಳೆ ಕಾಲನ್ನೇ. ಆದರೆ ಅದರಿಂದ ಏನೂ ತೆಗೆದು ಆ ಕಾಲಿಗೆ ಹಾಕೋದಿಲ್ಲ. ನೋಡಿ, ಈ ಮಂಡಿ ಹತ್ತಿರ ಕಪ್ಪಗೆ ಗೆರೆ ಇದೆಯಲ್ಲ, ಮೂಳೆ ಬೆಳೆಯೋದು ಇಲ್ಲಿ. ಇದನ್ನ ಮುಚ್ಚಿಬಿಡ್ತಾರೆ. ಒಳ್ಳೆ ಕಾಲು ಅಲ್ಲಿಗೇ ನಿಲ್ಲುತ್ತೆ. ಸೋತ ಕಾಲು ಬೆಳೀತಾ ಬೆಳೀತಾ ಅದರ ಹತ್ತಿರ ಬರುತ್ತೆ.”

ತಾಯಿ ಫಿಲ್ಮನ್ನೇ ನೋಡುತ್ತಿದ್ದಳು. ಮಾತಾಡಿದವಳು ಹುಡುಗಿ.

“ಕಾಯ್ತದಾ?”

“ಏನು?”

“ನಾನು ಹಿಂದೆ ಬಿದ್ರೆ ನನ್ ಜೊತೆ ಸ್ಕೂಲಿಗೆ ಬರೋ ಗೆಣೆಕಾತಿ ಕೆರೆ ಏರಿ ಮೇಲೆ ನಿಂತ್ಕಂಡು ಕಾಯ್ತಾಳೆ. ನಾನ್ ಹೋಗಗಂಟ ನಿಂತಿರ್ತಾಳೆ. ಹಂಗೆ ಈ ಕಾಲು ಆ ಕಾಲಿಗೆ ಕಾಯ್ತದಾ?”

ಡಿಕ್ಷನರಿಯಲ್ಲಿ ನಾನು ಹುಡುಕಿದ್ದು ಇದನ್ನು. ಯಾವುದನ್ನೂ ಕಡಿಯುವುದಿಲ್ಲ, ಯಾವುದನ್ನೂ ತುಂಬುವುದಿಲ್ಲ. ಮುಂದೆ ಹೋದದ್ದು ಹಿಂದಿನದಕ್ಕೆ ಕಾಯುತ್ತದೆ. ಹನ್ನೊಂದನೇ ವಯಸ್ಸಿನಲ್ಲಿ ಕೇಳಿದ್ದರೂ ಅವಳು ಹೀಗೇ ಹೇಳುತ್ತಿದ್ದಳು. ನಾವು ಯಾರೂ ಅವಳನ್ನು ಕೇಳಿರಲಿಲ್ಲ.

“ಹೌದಮ್ಮ, ಕಾಯುತ್ತೆ,” ಎಂದೆ. “ಆದರೆ ಇನ್ನೊಂದು ಮಾತೂ ಹೇಳ್ಬೇಕು. ದೊಡ್ಡೋಳಾದ ಮೇಲೆ ಬೆಳೆಯೋದು ಸ್ವಲ್ಪವೇ. ಡಾಕ್ಟರು ಆಗಲ್ಲ ಅನ್ನಬಹುದು. ಅನ್ನೋ ಛಾನ್ಸೇ ಹೆಚ್ಚು. ಆದರೂ ಬನ್ನಿ.”

ತಾಯಿ ಮಂಕರಿ ಎತ್ತಿಕೊಂಡು, “ಬರ್ತೀವಿ ಬುಡಿ,” ಎಂದಳು.

ಮುಂದಿನ ಕ್ಲಿನಿಕ್ಕಿಗೇ ಬಂದರು. ಸರ್ಜನ್ ಬರಲಿಲ್ಲ, ಅವರ ತಾಯಿ ತೀರಿಕೊಂಡು ಊರಿಗೆ ಹೋಗಿದ್ದರು. ಅದರ ಮುಂದಿನ ಕ್ಲಿನಿಕ್ಕೂ ನಡೆಯಲಿಲ್ಲ. ತಾಯಿ ಮಗಳು ಎರಡು ಸಲವೂ ಬಂದು, ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಮರಳಿ ಹೋದರು. ಮೂರನೇ ಸಲ ಬರುವುದಿಲ್ಲ ಎಂದುಕೊಂಡೆ. ಬಂದರು.

ಟೇಪ್ ಮೂರು ಸಲ. ಮಣಿಕಟ್ಟಿನ ಎಕ್ಸ್‌ರೇ, ಮಂಡಿಯ ಎಕ್ಸ್‌ರೇ. ಬಿಲ್ಲೆಗಳು. ಸರ್ಜನ್ ಹುಡುಗಿಯ ಹಿಂದೆ ಮಂಡಿಯೂರಿ ‘ವನ್ ಮೋರ್’ ಎಂದರು. ಮತ್ತೆ ‘ವನ್ ಮೋರ್’ ಎಂದರು. ಮೂರಿದ್ದದ್ದು ನಾಲ್ಕಾಗಿತ್ತು. ಒಳ್ಳೆಯ ಕಾಲು ಯಾರಿಗೂ ಕಾಯದೆ ತನ್ನಷ್ಟಕ್ಕೆ ಬೆಳೆದುಬಿಟ್ಟಿತ್ತು.

ಹೊಸ ಫಿಲ್ಮನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿದಾಗ ನನಗೇ ಕಂಡಿತು. ಅಂದು ಕಪ್ಪಗಿದ್ದ ಗೆರೆ ಈಗ ಮಾಸಿ ಬೂದಿಯ ಬಣ್ಣವಾಗಿತ್ತು. ಅಲ್ಲಲ್ಲಿ ಗೆರೆಯೇ ಇರಲಿಲ್ಲ.

“ನಾಟ್ ವರ್ತ್ ಕಟಿಂಗ್ ಹರ್,” ಎಂದರು ಸರ್ಜನ್ ನನಗೆ ಮಾತ್ರ ಕೇಳುವ ಹಾಗೆ. “ಲಾಸ್ಟ್ ಇಯರ್, ಇಟ್ ವುಡ್ ಹ್ಯಾವ್ ಬೀನ್ ಪರ್ಫೆಕ್ಟ್. ಟೆಲ್ ದೆಮ್ ಜೆಂಟ್ಲಿ. ಆ್ಯಂಡ್ ಎ ಶೂ ರೈಸ್.”

“ಏನಂತಾರೆ?” ತಾಯಿ ಕೇಳಿದಳು.

ಇಷ್ಟು ವರ್ಷ ಆ ಎರಡು ಭಾಷೆಯ ನಡುವೆ ಕೂತು ನಾನು ಎಷ್ಟೋ ಮಾತನ್ನು ಮೆತ್ತಗೆ ಮಾಡಿ ದಾಟಿಸಿದ್ದೇನೆ. ಜೆಂಟ್ಲಿ ಎಂದರೆ ಏನು ಬಿಡಬೇಕು, ಏನು ಉಳಿಸಬೇಕು ಎಂದು ಚೆನ್ನಾಗಿ ಬಲ್ಲೆ. ಅಂದು ಒಂದು ಪದವನ್ನೂ ಬಿಡಲಿಲ್ಲ.

“ಆಗಲ್ಲ ಅಂತಾರೆ. ಕೊಯ್ದರೂ ಪ್ರಯೋಜನ ಇಲ್ಲ, ಬೆಳೆಯೋದು ಮುಗೀತಾ ಬಂತು. ಹೋದ ವರ್ಷ ಬಂದಿದ್ದರೆ ಸರಿಯಾಗಿ ಆಗ್ತಿತ್ತು ಅಂತಾರೆ. ಈಗ ಆ ಕಾಲಿಗೆ ಅಟ್ಟೆ ಎತ್ತರ ಮಾಡಿದ ಚಪ್ಪಲಿ ಬರ್ಕೊಡ್ತಾರೆ.”

ತಾಯಿ ನನ್ನನ್ನೇ ನೋಡುತ್ತ, ನೆನಪು ಮಾಡುವ ಧ್ವನಿಯಲ್ಲಿ ಹೇಳಿದಳು.

“ನಾನ್ ಅವತ್ತು ಕೇಳಿದ್ನಲ್ಲ ಅವ್ವಾ.”

“ಕೇಳಿದ್ರಿ.”

“ಹೇಳಿದ್ರೆ ಒಪ್ಕೋತಿದ್ನೋ ಇಲ್ವೋ, ಅದ್ ಬೇರೆ ಮಾತು. ಕೇಳಿದ್ದೆ ಮಾತ್ರ.”

ಅವಳು ಒಪ್ಪುತ್ತಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ರಿಯಾಯಿತಿ ಅವಳು ಕೊಡಬೇಕಾದದ್ದು, ನಾನೇ ತೆಗೆದುಕೊಳ್ಳುವಂಥದ್ದಲ್ಲ.

ಸರ್ಜನ್ ಮುಂದಿನ ಮಗುವನ್ನು ನೋಡಲು ಪರದೆಯಾಚೆ ಹೋದರು. ಚಪ್ಪಲಿಯ ಚೀಟಿ ಬರೆಯಬೇಕಿತ್ತು. ನನ್ನ ಮೇಜಿಗೆ ಹೋಗಿ, ಚೀಟಿ ಬರೆಯುವ ಮೊದಲು ಖಾಲಿ ಫಾರಮ್ಮುಗಳ ಕಟ್ಟನ್ನು ಎಳೆದುಕೊಂಡು ಮೊದಲನೆಯದರ ಏಳನೇ ಸಾಲನ್ನು ಹೊಡೆದುಹಾಕಿದೆ. ಮೇಲೆ ಬರೆದೆ: ‘ಚೆನ್ನಾಗಿರುವ ____ ಕಾಲಿನ ಮಂಡಿಯ ಹತ್ತಿರ ಕೊಯ್ದು, ಅದು ಬೆಳೆಯುವುದನ್ನು ನಿಲ್ಲಿಸಿ, ಸೋತಿರುವ ____ ಕಾಲು ಬೆಳೆದು ಬರುವ ತನಕ ಅದು ಕಾಯುವಂತೆ ಮಾಡುವುದು. ಒಂದು ಕಾಲಿನಿಂದ ತೆಗೆದು ಇನ್ನೊಂದಕ್ಕೆ ಏನನ್ನೂ ಹಾಕುವುದಿಲ್ಲ.’ ಒಂದು ಸಾಲಿನ ಜಾಗದಲ್ಲಿ ಮೂರು ಸಾಲಾಯಿತು. ಅಕ್ಷರ ಅಂಚಿನವರೆಗೆ ಹೋಯಿತು. ತಾಯಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಬೆರಳಿಟ್ಟು, ಬಾಯಿ ಅಲ್ಲಾಡಿಸುತ್ತ, ಅಷ್ಟನ್ನೂ ಓದಿದಳು.

“ಈಗ ಬರ್ದು ಏನ್ ಬಂತು?”

“ಮುಂದೆ ಬರೋರಿಗೆ.”

“ಊಂ,” ಎಂದಳು. “‘ಸೋತಿರುವ’ ಅನ್ನೋದ್ ಚೆನ್ನಾಗೈತೆ. ಕುಂಟು ಅಂತ ಬರೀಲಿಲ್ಲ,” ಎಂದಳು.

ಚೀಟಿ ಬರೆದು ಇಬ್ಬರೂ ಅಳತೆಯ ಕೋಣೆಗೆ ಬಂದೆವು. ಅಲ್ಲಿ ಯಾರೂ ಇರಲಿಲ್ಲ, ಹುಡುಗಿಯೊಬ್ಬಳೇ. ನೆಲದ ಮೇಲೆ ಬಿಟ್ಟಿದ್ದ ನಾಲ್ಕು ಬಿಲ್ಲೆಗಳನ್ನು ತಾನೇ ಒಂದರ ಮೇಲೊಂದು ಜೋಡಿಸಿ, ಎಡಗಾಲನ್ನು ಅದರ ಮೇಲಿಟ್ಟು ನಿಂತಿದ್ದಳು. ಕೈ ಸೊಂಟದ ಮೇಲಿರಲಿಲ್ಲ, ಎರಡು ಕೈಯೂ ಸುಮ್ಮನೆ ಕೆಳಗೆ ಇಳಿಬಿದ್ದಿದ್ದವು. ಎದುರಿಗೆ ಕಿಟಕಿಯ ಗಾಜು. ಅದರಲ್ಲಿ ಅವಳ ಎರಡು ಭುಜಗಳೂ ಒಂದೇ ಗೆರೆಯಲ್ಲಿ ಕಾಣುತ್ತಿದ್ದವು. ಅವಳು ಅದನ್ನೇ ನೋಡುತ್ತಿದ್ದಳು.

ಹೊರಗೆ ಮುಂದಿನ ಮಗುವಿನ ಹೆಸರು ಕರೆದರು. ಅದರ ಅಳತೆಗೆ ಈ ಬಿಲ್ಲೆಗಳೇ ಬೇಕು, ಬೇರೆ ಇರಲಿಲ್ಲ. ಹೆಡ್ ನರ್ಸ್ ಬಾಗಿಲಿಗೆ ಬಂದು, ನೋಡಿ, ಬಾಯಿ ತೆರೆದವರು ಹಾಗೇ ನಿಂತರು. ತಾಯಿಯೂ ಕರೆಯಲಿಲ್ಲ. ಇಳಿಯಮ್ಮ ಎಂದು ಹೇಳಬೇಕಾದ ಕೆಲಸ ನನ್ನದು. ಹೇಳಲಿಲ್ಲ. ಚೀಟಿ ಹಿಡಿದುಕೊಂಡು, ಅವಳಾಗಿ ಇಳಿಯುವ ತನಕ ಕಾದೆ.